ಫ್ಯಾನಿಲ್ಲದ ದೋಣಿ

ಮಕ್ಕಳೇ, ಈ ವಾರದ ಪ್ರಶ್ನೆ ಅಂಚೆಯಲ್ಲಿ ಬಂದದ್ದಲ್ಲ. ಬೇಸಿಗೆ ರಜೆಗೆಂದು ಬೆಂಗಳೂರಿನಿಂದ ಬಂದಿದ್ದ ನನ್ನ ಮೊಮ್ಮಗಳು ಕಾರವಾರದ ಕಡಲ ದಂಡೆಯಲ್ಲಿ ನಿಂತು ಕೇಳಿದ್ದು. ಅವಳಿಗೆ ಉತ್ತರ ಕೊಡಲು ಹೋಗಿ, ನಲವತ್ತು ವರ್ಷ ಪಾಠ ಹೇಳಿದ ನಾನೇ ಪಾಠ ಕಲಿಯಬೇಕಾಗಿ ಬಂತು.

ಮೇ ತಿಂಗಳ ನಡು. ಸಂಜೆ ಐದರ ಹೊತ್ತು. ಟ್ಯಾಗೋರ್ ಕಡಲತೀರದಲ್ಲಿ ದಡಕ್ಕೆ ಏರಿಸಿಟ್ಟಿರುವ ಐಎನ್‌ಎಸ್ ಚಪಲ್ ನೋಡಿಕೊಂಡು ನಾವಿಬ್ಬರೂ ಹೊರಬಂದಿದ್ದೆವು. ಅದು ನೌಕಾಪಡೆಯಿಂದ ನಿವೃತ್ತಿ ಹೊಂದಿದ ಕ್ಷಿಪಣಿ ದೋಣಿ, ಈಗ ವಸ್ತುಸಂಗ್ರಹಾಲಯ. ನಮ್ಮ ಓರಗೆಯ ಅಜ್ಜ-ಅಜ್ಜಿಯಂದಿರಿಗೆ ನೆನಪಿರಬಹುದು, 1971ರ ಡಿಸೆಂಬರ್ 4ರ ರಾತ್ರಿ ಇದೇ ಜಾತಿಯ ಮೂರು ಪುಟ್ಟ ದೋಣಿಗಳು, ನಿಪಾತ್, ನಿರ್ಘಾತ್, ವೀರ್, ಕರಾಚಿಯವರೆಗೆ ಹೋಗಿ ಹೊಡೆದು ಬಂದವು. ಡಿಸೆಂಬರ್ 4 ನೌಕಾಪಡೆಯ ದಿನವಾದದ್ದು ಹಾಗೆ. ಆ ಕಥೆ ಹೇಳುವ ಉತ್ಸಾಹದಲ್ಲಿ ನಾನಿದ್ದೆ. ಮೊಮ್ಮಗಳ ಕಣ್ಣು ಮಾತ್ರ ನೀರಿನ ಮೇಲಿತ್ತು.

ಬೈತಖೋಲ ಬಂದರಿನ ಕಡೆಯಿಂದ ಮೀನುಗಾರಿಕೆ ಬೋಟುಗಳು ಡುಗುಡುಗು ಎನ್ನುತ್ತಾ ಒಂದೊಂದಾಗಿ ಹೊರಡುತ್ತಿದ್ದವು. ಅವುಗಳ ನಡುವೆ ಎಲ್ಲಿಂದಲೋ ಒಂದು ಬಿಳಿ ದೋಣಿ ಬಂತು. ಬದಿಯಲ್ಲಿ ಓರೆ ಪಟ್ಟಿ. ಮೂತಿ ಮೇಲೆತ್ತಿಕೊಂಡು, ಬೆನ್ನ ಹಿಂದೆ ಹತ್ತಿ ಚೆಲ್ಲಿದ ಹಾಗೆ ನೊರೆ ಎಬ್ಬಿಸಿಕೊಂಡು ಕೂರ್ಮಗಡ ನಡುಗಡ್ಡೆಯ ಕಡೆ ಓಡಿತು. ನಾನು ಕನ್ನಡಕ ಒರೆಸಿ ಹಾಕಿಕೊಳ್ಳುವಷ್ಟರಲ್ಲಿ ಅದು ಕಡಲೆಕಾಳಿನಷ್ಟಾಗಿತ್ತು.

“ಅಜ್ಜಾ, ಅದ್ಯಾಕೆ ಅಷ್ಟು ಜೋರಾಗಿ ಹೋಯ್ತು? ಬೇರೆ ಬೋಟ್‌ಗಳಿಗೆ ಯಾಕೆ ಹಾಗೆ ಹೋಗೋಕಾಗಲ್ಲ?”

“ಅದು ಕರಾವಳಿ ಕಾವಲು ಪಡೆಯ ಗಸ್ತು ದೋಣಿ ಪುಟ್ಟಿ. ಅದರ ಎಂಜಿನ್ ದೊಡ್ಡದು” ಎಂದೆ, ಗಂಭೀರವಾಗಿ.

ಹಿಂದಿನಿಂದ ಯಾರೋ ನಕ್ಕರು. “ಮಾಸ್ತರ್ರೆ, ಅರ್ಧ ಮಾರ್ಕು!”

ತಿರುಗಿ ನೋಡಿದರೆ ಹಳೆಯ ಶಿಷ್ಯ. ಒಂದು ಕಾಲದಲ್ಲಿ ನನ್ನ ತರಗತಿಯ ಕೊನೆಯ ಬೆಂಚಿನಲ್ಲಿ ಕಿಟಕಿಯಾಚೆ ನೋಡುತ್ತಾ ಕೂರುತ್ತಿದ್ದ ಹುಡುಗ. ಈಗ ತಾಂಡೇಲ, ಎಂದರೆ ಮೀನುಗಾರಿಕೆ ಬೋಟಿನ ಯಜಮಾನಿಕೆ ಅವನದು. ಮರಳ ಮೇಲೆ ಕಾಲು ಚಾಚಿ ಬಲೆಯ ಹರಕು ಹೊಲಿಯುತ್ತಿದ್ದ.

“ಎಂಜಿನ್ ದೊಡ್ಡದು, ಅದು ಖರೆ. ಆದ್ರೆ ಆ ದೋಣಿಗೆ ಫ್ಯಾನೇ ಇಲ್ಲ ತಂಗಿ” ಎಂದ ಮೊಮ್ಮಗಳಿಗೆ. ಕಡಲ ಜನ ಫ್ಯಾನು ಅನ್ನುವುದು ಪ್ರೊಪೆಲ್ಲರ್‌ಗೆ, ದೋಣಿಯ ತಳದಲ್ಲಿ ತಿರುಗುವ ರೆಕ್ಕೆಗೆ. ಅದು ತಿರುಗಿ ನೀರನ್ನು ಹಿಂದಕ್ಕೆ ತಳ್ಳಿದರೆ ತಾನೇ ದೋಣಿ ಮುಂದೆ ಹೋಗುವುದು? ಫ್ಯಾನೇ ಇಲ್ಲದೆ ಹೇಗೆ? ಅಲ್ಲಿಂದ ಶುರುವಾಯಿತು ನೋಡಿ ನನ್ನ ಓದು.

ಮಕ್ಕಳೇ, ಮನೆಯ ತೋಟಕ್ಕೆ ನೀರು ಬಿಡುವ ಪೈಪನ್ನು ನೆಲದ ಮೇಲೆ ಹಾಗೆಯೇ ಬಿಟ್ಟು ನಲ್ಲಿಯನ್ನು ಪೂರ್ತಿ ತಿರುಗಿಸಿದರೆ ಏನಾಗುತ್ತದೆ? ಬಾಯಿ ಅತ್ತಿತ್ತ ಹೊಯ್ದಾಡುತ್ತಾ ಪೈಪು ಹಾವಿನ ಹಾಗೆ ಹೊರಳುತ್ತದೆ. ಬಾಯಿಯನ್ನು ಹೆಬ್ಬೆರಳಿಂದ ಅರ್ಧ ಮುಚ್ಚಿದರೆ ನೀರು ಇನ್ನಷ್ಟು ರಭಸದಿಂದ ಚಿಮ್ಮುತ್ತದೆ, ಪೈಪು ಕೈಯನ್ನು ಹಿಂದಕ್ಕೆ ಒತ್ತುತ್ತದೆ. ನೀರು ಮುಂದೆ, ಕೈ ಹಿಂದೆ. ನ್ಯೂಟನ್ನನ ಮೂರನೆಯ ನಿಯಮ ಎಂದು ಪುಸ್ತಕದಲ್ಲಿ ಬಾಯಿಪಾಠ ಮಾಡುತ್ತೀರಲ್ಲ, ಅದೇ ಇದು.

ಈ ವೇಗದ ಗಸ್ತು ದೋಣಿಗಳ ಹೊಟ್ಟೆಯೊಳಗೆ ಅಂಥದೇ ಒಂದು ದಪ್ಪ ಕೊಳವೆ ಇರುತ್ತದೆ. ತಳದಲ್ಲಿ ಜಾಲರಿ ಹಾಕಿದ ಬಾಯಿ. ಅಲ್ಲಿಂದ ಕಡಲ ನೀರು ಒಳಗೆ ಬರುತ್ತದೆ. ಕೊಳವೆಯೊಳಗೆ ಎಂಜಿನ್ ತಿರುಗಿಸುವ ಒಂದು ಚಕ್ರ ಆ ನೀರನ್ನು ಎಳೆದು, ಒತ್ತಿ, ಹಿಂಬದಿಯ ಕಿರಿದಾದ ಬಾಯಿಯಿಂದ ಹೊರಗೆ ಎಸೆಯುತ್ತದೆ. ನೀರು ಹಿಂದಕ್ಕೆ, ದೋಣಿ ಮುಂದಕ್ಕೆ. ಇದರ ಹೆಸರು ವಾಟರ್ ಜೆಟ್. ಹಾಗೆ ನೋಡಿದರೆ ನಮ್ಮ ತಾಂಡೇಲನದೂ ಪೂರ್ತಿ ಮಾರ್ಕಿನ ಉತ್ತರವಲ್ಲ. ಫ್ಯಾನು ಇದೆ, ಹೊರಗಿಲ್ಲ, ಹೊಟ್ಟೆಯೊಳಗಿದೆ.

ದೋಣಿ ತಿರುಗಬೇಕೆಂದರೆ ಚುಕ್ಕಾಣಿಯ ಹಲಗೆ ಬೇಡ. ಹಿಂದೆ ನೀರು ಚಿಮ್ಮುವ ಬಾಯಿಯನ್ನೇ ಎಡಕ್ಕೋ ಬಲಕ್ಕೋ ಹೊರಳಿಸಿದರೆ ಆಯಿತು. ಥಟ್ಟನೆ ನಿಲ್ಲಬೇಕೆಂದರೆ ಇನ್ನೂ ಮಜಾ. ಚಿಮ್ಮುವ ನೀರಿಗೆ ಅಡ್ಡವಾಗಿ ಒಂದು ಬೋಗುಣಿಯಂಥ ಮುಚ್ಚಳ ಕೆಳಗಿಳಿಯುತ್ತದೆ, ನೀರು ಅದಕ್ಕೆ ಬಡಿದು ಮುಂದಕ್ಕೆ ತಿರುಗುತ್ತದೆ. ಆಗ ಓಡುತ್ತಿದ್ದ ದೋಣಿ ತನ್ನ ಉದ್ದದ ಕೆಲವೇ ಪಟ್ಟು ದೂರದಲ್ಲಿ ನಿಲ್ಲಬಲ್ಲದು. ತಳದಲ್ಲಿ ಏನೂ ಜೋತುಬಿದ್ದಿಲ್ಲವಾದ್ದರಿಂದ ಅಳಿವೆ ಬಾಗಿಲಿನಲ್ಲಿ, ಮರಳು ದಿಬ್ಬಗಳ ನಡುವೆ, ನೀರು ಕಡಿಮೆ ಇರುವಲ್ಲೂ ಹೋಗಬಹುದು. ನೀರಿಗೆ ಬಿದ್ದವರನ್ನು ಎತ್ತಿಕೊಳ್ಳಲು ಹತ್ತಿರ ಹೋದರೆ ರೆಕ್ಕೆ ತಗಲುವ ಭಯವಿಲ್ಲ.

ಇದನ್ನು ಬಳಕೆಗೆ ತಂದವರು ಯಾವುದೋ ಯುದ್ಧನೌಕೆಯ ಎಂಜಿನಿಯರು ಎಂದುಕೊಂಡಿದ್ದೆ. ಅಲ್ಲ! ನ್ಯೂಜಿಲೆಂಡಿನಲ್ಲಿ ಕುರಿ ಸಾಕಿಕೊಂಡಿದ್ದ ಬಿಲ್ ಹ್ಯಾಮಿಲ್ಟನ್. ಅವರ ಊರಿನ ಕಡೆಯ ನದಿಗಳು ಕಲ್ಲುಗುಂಡುಗಳ ಮೇಲೆ ಮೊಣಕಾಲುದ್ದ ನೀರು ಹರಿಸುವಂಥವು. ಸಾಮಾನ್ಯ ದೋಣಿ ಇಳಿಸಿದರೆ ರೆಕ್ಕೆ ಕಲ್ಲಿಗೆ ಬಡಿದು ಪುಡಿ. ಅಂಥ ನದಿಯಲ್ಲೂ ಮೇಲಕ್ಕೆ ಹೋಗುವ ದೋಣಿ ಬೇಕೆಂಬ ಹಟದಿಂದ 1950ರ ದಶಕದಲ್ಲಿ ತಮ್ಮ ಕಾರ್ಯಾಗಾರದಲ್ಲಿ ಇದನ್ನು ಮಾಡಿದರು. ಮೊದಮೊದಲು ನೀರು ಚಿಮ್ಮುವ ಬಾಯಿಯನ್ನು ದೋಣಿಯ ಅಡಿಯಲ್ಲಿ ಇಟ್ಟಿದ್ದರು, ಓಟ ಸಾಲಲಿಲ್ಲ. ಅದನ್ನು ಮೇಲೆತ್ತಿ, ನೀರಿನ ಮಟ್ಟಕ್ಕಿಂತ ತುಸು ಮೇಲೆ ಹಿಂಬದಿಯಲ್ಲಿ ಇಟ್ಟಾಗ ದೋಣಿ ನೆಗೆಯಿತು. 1960ರಲ್ಲಿ ಇಂಥ ದೋಣಿಗಳು ಅಮೆರಿಕದ ಕೊಲರಾಡೊ ನದಿಯಲ್ಲಿ, ಗ್ರ್ಯಾಂಡ್ ಕ್ಯಾನಿಯನ್ ಕಣಿವೆಯೊಳಗೆ, ಪ್ರವಾಹಕ್ಕೆ ಎದುರಾಗಿ ಮೇಲೇರಿದವು.

“ಹಾಗಾದ್ರೆ ನೀವೂ ಅದನ್ನೇ ಹಾಕಿಸಿಕೊಳ್ಳಿ” ಎಂದಳು ಮೊಮ್ಮಗಳು ತಾಂಡೇಲನಿಗೆ.

ಅವನು ಬಲೆಯಿಂದ ತಲೆ ಎತ್ತದೆ ಹೇಳಿದ: “ತಂಗಿ, ಕುದುರೆ ಜೋರಾಗಿ ಓಡ್ತದೆ ಅಂತ ಗದ್ದೆ ಹೂಡೋದಕ್ಕೆ ಕುದುರೆ ಕಟ್ತಾರಾ? ನಮ್ಮದು ಎತ್ತಿನ ಕೆಲಸ. ಬಲೆ ಎಳೀಬೇಕು, ನಿಧಾನ ಎಳೀಬೇಕು.”

ಅವನ ಮಾತು ಸರಿ. ವಾಟರ್ ಜೆಟ್ ಜೋರಾಗಿ ಓಡುವಾಗ ಚೆನ್ನ, ನಿಧಾನ ಓಟದಲ್ಲಿ ಡೀಸೆಲ್ ನುಂಗುತ್ತದೆ. ಇನ್ನೊಂದು ತೊಂದರೆ, ಒಳಗೆ ನೀರು ಎಳೆಯುವ ಬಾಯಿಗೆ ಪ್ಲಾಸ್ಟಿಕ್ ಚೀಲವೋ ಪಾಚಿಯೋ ಸಿಕ್ಕಿಕೊಂಡರೆ ಉಬ್ಬಸ ಬಂದವರ ಹಾಗಾಗುತ್ತದೆ ಅದರ ಕಥೆ. ಮಳೆಗಾಲದಲ್ಲಿ ನಮ್ಮ ಹೊಳೆಗಳು ಊರಿನ ಕಸವನ್ನೆಲ್ಲ ಕಡಲಿಗೆ ಹೊತ್ತು ತರುವುದನ್ನು ನೋಡಿದವರಿಗೆ ಇದು ಸಣ್ಣ ತೊಂದರೆ ಅನ್ನಿಸಲಾರದು.

ಓಟಕ್ಕೆ ಇನ್ನೊಂದು ಗುಟ್ಟು ದೋಣಿಯ ತಳದಲ್ಲಿದೆ. ಕೆರೆಯಲ್ಲಿ ಚಪ್ಪಟೆ ಕಲ್ಲನ್ನು ಓರೆಯಾಗಿ ಎಸೆದರೆ ಅದು ಮುಳುಗದೆ ನೀರ ಮೇಲೆ ಕುಪ್ಪಳಿಸುತ್ತಾ ಹೋಗುತ್ತದೆ ಅಲ್ಲವೇ? ಈ ದೋಣಿಗಳೂ ವೇಗ ಹೆಚ್ಚಿದಂತೆ ನೀರನ್ನು ಸೀಳುವುದು ಬಿಟ್ಟು ನೀರಿನ ಮೇಲೇರುತ್ತವೆ. ಆಗ ನೀರಿಗೆ ತಾಗುವ ಭಾಗ ಕಡಿಮೆ, ತಡೆ ಕಡಿಮೆ. ಮೂತಿ ಮೇಲೆತ್ತಿ ಹೋದದ್ದು ಜಂಬದಿಂದಲ್ಲ! ಆದರೆ ಒಳಗೆ ಕೂತವರಿಗೆ ಅದು ಸುಖದ ಸವಾರಿಯಲ್ಲ. ಒಂದೊಂದು ಅಲೆಯೂ ತಳಕ್ಕೆ ಗುದ್ದುತ್ತದೆ. ಹೊಂಡ ಬಿದ್ದ ಘಟ್ಟದ ರಸ್ತೆಯಲ್ಲಿ ಬಸ್ಸಿನ ಕೊನೆಯ ಸೀಟಿನಲ್ಲಿ ಗಂಟೆಗಟ್ಟಲೆ ಕೂತ ಹಾಗೆ. ಅಲೆ ತೀರ ಎದ್ದ ಮಳೆಗಾಲದಲ್ಲಿ ಸಣ್ಣ ದೋಣಿಗಳ ಆಟ ನಡೆಯುವುದಿಲ್ಲ, ದೊಡ್ಡ ಹಡಗೇ ಬೇಕು.

ಎಷ್ಟು ವೇಗ ಅಂತ ಕೇಳುತ್ತೀರಾ? ಕರಾವಳಿ ಕಾವಲು ಪಡೆಗೆ ಸೂರತ್ ಬಳಿಯ ಹಜೀರಾದಲ್ಲಿ ಎಲ್ ಅಂಡ್ ಟಿಯವರು ಕಟ್ಟಿಕೊಟ್ಟ ಸುಮಾರು 28 ಮೀಟರ್ ಉದ್ದದ ದೋಣಿಗಳು 45 ನಾಟ್ ಓಡುತ್ತವೆ. ಅವುಗಳಿಗೆ ಹೆಸರಿಲ್ಲ, ಸಿ-401, ಸಿ-402 ಎಂಬ ಹಾಗೆ ಹಾಜರಿ ಸಂಖ್ಯೆ ಮಾತ್ರ. ನಾಟ್ ಅಂದರೆ ಇಂಗ್ಲಿಷಿನಲ್ಲಿ ಗಂಟು. ವೇಗಕ್ಕೂ ಗಂಟಿಗೂ ಎಲ್ಲಿಯ ನಂಟು? ಹಿಂದೆ ಹಾಯಿಹಡಗಿನವರು ಒಂದು ಹಗ್ಗದಲ್ಲಿ 47 ಅಡಿ 3 ಅಂಗುಲಕ್ಕೊಂದರಂತೆ ಗಂಟು ಹಾಕಿ, ತುದಿಗೆ ಮರದ ಹಲಗೆ ಕಟ್ಟಿ ನೀರಿಗೆ ಎಸೆಯುತ್ತಿದ್ದರು. ಹಲಗೆ ನೀರಲ್ಲಿ ನಿಂತಲ್ಲೇ ನಿಲ್ಲುತ್ತದೆ, ಹಡಗು ಮುಂದೆ ಹೋಗುತ್ತದೆ, ಹಗ್ಗ ಕೈಯಿಂದ ಜಾರುತ್ತದೆ. 28 ಸೆಕೆಂಡಿನ ಮರಳುಗಡಿಯಾರ ಖಾಲಿಯಾಗುವಷ್ಟರಲ್ಲಿ ಎಷ್ಟು ಗಂಟು ಕೈದಾಟಿದವೋ ಅಷ್ಟು ನಾಟ್ ವೇಗ. ಒಂದು ನಾಟ್ ಎಂದರೆ ಗಂಟೆಗೆ ಒಂದು ಕಡಲ ಮೈಲಿ, ನಮ್ಮ ಲೆಕ್ಕದಲ್ಲಿ 1.852 ಕಿಲೋಮೀಟರ್. ಗಂಟೆ ಆ ಗಂಟಿನೊಳಗೇ ಇದೆ, ಹಾಗಾಗಿ ‘ಗಂಟೆಗೆ 45 ನಾಟ್’ ಎಂದು ಬರೆದರೆ ನಾನು ಕೆಂಪು ಗೆರೆ ಎಳೆಯುತ್ತೇನೆ!

45 ನಾಟ್ ಅಂದರೆ ಗಂಟೆಗೆ 83 ಕಿಲೋಮೀಟರ್. ರಸ್ತೆಯಲ್ಲಾದರೆ ಏನು ಮಹಾ ಅನ್ನಬಹುದು. ನೀರಿನಲ್ಲಿ ಲೆಕ್ಕ ಹಾಕಿ ನೋಡಿ. ದಡದಿಂದ 12 ಕಡಲ ಮೈಲಿವರೆಗಿನ ನೀರು ನಮ್ಮ ದೇಶದ ಅಂಗಳವಿದ್ದಂತೆ. 9 ನಾಟ್ ವೇಗದ ಮೀನುಗಾರಿಕೆ ಬೋಟು ಅಷ್ಟು ದೂರ ಹೋಗಲು 80 ನಿಮಿಷ. ಗಸ್ತು ದೋಣಿಗೆ ಎಷ್ಟು? ಉತ್ತರ ಕೊನೆಯಲ್ಲಿ ಹೇಳುತ್ತೇನೆ, ಅಲ್ಲಿಯವರೆಗೆ ಪೆನ್ಸಿಲ್ ಹಿಡಿಯಿರಿ.

ನೌಕಾಪಡೆಯ ದೋಣಿಗಳಿಗೆ ಹೆಸರುಂಟು. ಕೋಲ್ಕತ್ತದ ಗಾರ್ಡನ್ ರೀಚ್ ಹಡಗುಕಟ್ಟೆಯಲ್ಲಿ ಕಟ್ಟಿದ, ಮೂರು ವಾಟರ್ ಜೆಟ್‌ಗಳ, 35 ನಾಟ್ ಓಡುವ ಗಸ್ತು ನೌಕೆಗಳ ಸಾಲಿಗೆ ನಮ್ಮ ದ್ವೀಪಗಳ ಹೆಸರಿಟ್ಟಿದ್ದಾರೆ. ಕಾರ್ ನಿಕೋಬಾರ್, ಚೆಟ್ಲಾಟ್, ಕಲ್ಪೇನಿ, ಹೀಗೆ. ಅವುಗಳಲ್ಲಿ ಮೊದಲಿನವೆರಡು 2009ರಲ್ಲಿ ಚೆನ್ನೈಯಲ್ಲಿ ಸೇವೆಗೆ ಸೇರಿದವು. ಅದೇ ಸಾಲಿನ ತಿಲ್ಲಾಂಚಾಂಗ್ 2017ರ ಮಾರ್ಚ್‌ನಲ್ಲಿ ಸೇವೆಗೆ ಸೇರಿದ್ದು ನಮ್ಮ ಕಾರವಾರದಲ್ಲೇ. ನಿಕೋಬಾರ್ ಗುಂಪಿನ ಒಂದು ದ್ವೀಪದ ಹೆಸರು ಅದು. ಇದೇ ಹೆಸರಿನ ಹಳೆಯ ಗಸ್ತು ನೌಕೆಯೊಂದಿತ್ತು, ಅದನ್ನು 2006ರಲ್ಲಿ ಮಾಲ್ಡೀವ್ಸ್‌ಗೆ ಕೊಟ್ಟೆವು, ಅಲ್ಲಿ ಅದಕ್ಕೆ ಬೇರೆ ಹೆಸರಾಯಿತು. ಹೆಸರು ಮಾತ್ರ ನಮ್ಮಲ್ಲೇ ಉಳಿದು, ಹನ್ನೊಂದು ವರ್ಷದ ಮೇಲೆ ಹೊಸ ನೌಕೆಗೆ ಬಂತು. ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವುದು ನಮ್ಮ ಮನೆಗಳ ವಾಡಿಕೆ ಮಾತ್ರ ಅಂದುಕೊಂಡಿದ್ದೆ ನಾನು!

ಇಷ್ಟೆಲ್ಲ ಸಣ್ಣ ದೋಣಿಗಳು ಒಮ್ಮೆಲೇ ಯಾಕೆ ಬೇಕಾದವು? ಅಜ್ಜ-ಅಜ್ಜಿಯಂದಿರೇ, ಇದನ್ನು ನಿಮ್ಮ ಪಕ್ಕದಲ್ಲಿ ಕೂತು ಓದುತ್ತಿರುವ ಮಗುವಿಗೆ ನೀವೇ ಹೇಳಬೇಕಾದೀತು. 2008ರ ನವೆಂಬರ್ 26. ಕರಾಚಿಯಿಂದ ಹೊರಟ ಹತ್ತು ಮಂದಿ ಭಯೋತ್ಪಾದಕರು ನಡುಕಡಲಿನಲ್ಲಿ ಗುಜರಾತಿನ ‘ಕುಬೇರ್’ ಎಂಬ ಮೀನುಗಾರಿಕೆ ದೋಣಿಯನ್ನು ಹಿಡಿದರು. ಅದರಲ್ಲಿದ್ದ ಮೀನುಗಾರರನ್ನು ಕೊಂದರು. ಅದೇ ದೋಣಿಯಲ್ಲಿ ಮುಂಬಯಿಯ ಹತ್ತಿರಕ್ಕೆ ಬಂದು, ಗಾಳಿ ತುಂಬಿದ ರಬ್ಬರ್ ದೋಣಿಯಲ್ಲಿ ಕಫ್ ಪರೇಡ್‌ನ ಮೀನುಗಾರರ ಕೇರಿಯ ದಡಕ್ಕೆ ಇಳಿದರು. ಮುಂದಿನ ಮೂರು ದಿನಗಳಲ್ಲಿ 166 ಜನ ಪ್ರಾಣ ಕಳೆದುಕೊಂಡರು.

ನಮ್ಮ ನೌಕಾಪಡೆಯ ಬಳಿ ಆಗಲೂ ದೊಡ್ಡ ದೊಡ್ಡ ಯುದ್ಧನೌಕೆಗಳಿದ್ದವು. ಆದರೆ ಬಂದದ್ದು ಶತ್ರುವಿನ ಹಡಗಲ್ಲ, ನಮ್ಮದೇ ಒಂದು ಮೀನು ದೋಣಿ, ನೂರಾರು ಮೀನು ದೋಣಿಗಳ ನಡುವೆ. ಮನೆಗೆ ಕಳ್ಳ ನಮ್ಮದೇ ಕಂಬಳಿ ಹೊದ್ದು ಬಂದ ಹಾಗೆ. ದೊಡ್ಡ ಹಡಗು ದಡದ ಹತ್ತಿರ ಬರಲಾಗದು, ದೋಣಿ ದೋಣಿಯ ಪಕ್ಕಕ್ಕೂ ಹೋಗಿ ಇಣುಕಲಾಗದು. ಅದಕ್ಕೇ ಮರುವರ್ಷ ನೌಕಾಪಡೆಯಲ್ಲಿ ‘ಸಾಗರ್ ಪ್ರಹರಿ ಬಲ್’ ಎಂಬ ಸುಮಾರು 1,000 ಜನರ ಹೊಸ ದಳಕ್ಕೆ ಮಂಜೂರಾತಿ ಸಿಕ್ಕಿತು. ಅದಕ್ಕೆಂದು 80 ವೇಗದ ಸಣ್ಣ ದೋಣಿಗಳು ಬಂದವು. ನೌಕಾನೆಲೆ, ಬಂದರುಗಳ ಸುತ್ತ ಹಗಲೂ ರಾತ್ರಿ ಸುತ್ತುವುದು ಅವುಗಳ ಕೆಲಸ. ದಡದಿಂದ 12 ಕಡಲ ಮೈಲಿವರೆಗೆ ರಾಜ್ಯದ ಕರಾವಳಿ ಕಾವಲು ಪೊಲೀಸರು, ಅಲ್ಲಿಂದ 200 ಮೈಲಿವರೆಗೆ ಕರಾವಳಿ ಕಾವಲು ಪಡೆ, ಅದರಾಚೆ ನೌಕಾಪಡೆ ಎಂದು ಗಸ್ತು ಹಂಚಿಕೆಯಾಗಿದೆ, ಒಟ್ಟು ಹೊಣೆ ನೌಕಾಪಡೆಯದು. ನಮ್ಮ ಕರ್ನಾಟಕದ ಮಟ್ಟಿಗೆ ಮಂಗಳೂರು, ಹೆಜಮಾಡಿ, ಮಲ್ಪೆ, ಗಂಗೊಳ್ಳಿ, ಭಟ್ಕಳ, ಹೊನ್ನಾವರ, ಕುಮಟಾ, ಬೇಲೆಕೇರಿ, ಕಾರವಾರಗಳಲ್ಲಿ ಒಂಬತ್ತು ಕರಾವಳಿ ಕಾವಲು ಪೊಲೀಸ್ ಠಾಣೆಗಳಿವೆ. ಮುಖ್ಯ ಕಚೇರಿ ಮಲ್ಪೆಯಲ್ಲಿ. ಕಡಲ ತೀರದುದ್ದಕ್ಕೂ ದ್ವೀಪಗಳಲ್ಲೂ ಮೊದಲ ಹಂತದಲ್ಲೇ 46 ರಾಡಾರ್‌ಗಳನ್ನು ಹಾಕಿದರು.

ಇಷ್ಟು ಹೇಳಿ ಮುಗಿಸಿದೆ. “ಹಾಗಾದ್ರೆ ಈಗ ಕಳ್ಳರು ಬಂದ ಕೂಡಲೇ ಹಿಡೀತಾರೆ ಅಲ್ವಾ ಅಜ್ಜಾ?” ಎಂದಳು ಮೊಮ್ಮಗಳು.

ತಾಂಡೇಲ ದಾರ ಕಚ್ಚಿ ಹರಿದ. “ಯಾವ ದೋಣಿ ಕಳ್ಳಂದು ಅಂತ ಗೊತ್ತಾದ್ರೆ ಹಿಡೀಬಹುದು ತಂಗಿ. ಅಲ್ನೋಡು, ಎಷ್ಟು ಬೋಟ್ ಕಾಣ್ತದೆ?”

ಅವಳು ಎಣಿಸಿದಳು. ಹದಿನೇಳೋ ಹದಿನೆಂಟೋ. “ಅದ್ರಲ್ಲಿ ನಂದ್ಯಾವುದು ಹೇಳು.” ಅವಳು ಸುಮ್ಮನಾದಳು. ನಾನೂ.

ನೋಡಿ ಮಕ್ಕಳೇ, ನನಗೆ ಅತ್ಯಂತ ಕಷ್ಟದ್ದು ಅನ್ನಿಸಿದ್ದು ಇದು. 45 ನಾಟ್ ಓಡುವುದನ್ನು ಎಂಜಿನ್ ಮಾಡುತ್ತದೆ. ಎತ್ತ ಓಡಬೇಕು ಎಂದು ಎಂಜಿನ್ ಹೇಳುವುದಿಲ್ಲ. ದೇಶದಲ್ಲಿ ಎರಡು ಲಕ್ಷಕ್ಕೂ ಮೀರಿ ಮೀನುಗಾರಿಕೆ ದೋಣಿಗಳಿವೆ. ಮರದ, ಫೈಬರಿನ ಪುಟ್ಟ ದೋಣಿಗಳು ಅಲೆಗಳ ನಡುವೆ ರಾಡಾರ್‌ಗೂ ಸರಿಯಾಗಿ ಕಾಣುವುದಿಲ್ಲ. ತಾನು ಯಾರು, ಎಲ್ಲಿದ್ದೇನೆ ಎಂದು ತಾನಾಗಿ ಸಾರುತ್ತಿರುವ ಯಂತ್ರ 20 ಮೀಟರಿಗಿಂತ ಉದ್ದದ ದೋಣಿಗಳಿಗೆ ಕಡ್ಡಾಯ, ಆದರೆ ಹೆಚ್ಚಿನ ಮೀನು ದೋಣಿಗಳು ಅದಕ್ಕಿಂತ ಗಿಡ್ಡ.

ಗುರುತು ತಪ್ಪಿದರೆ ಏನಾಗುತ್ತದೆ? ಒಂದು ಕಡೆ ಮುಂಬಯಿ. ಇನ್ನೊಂದು ಕಡೆ ಕೇರಳ. 2012ರ ಫೆಬ್ರುವರಿ 15ರಂದು ಕೇರಳದ ಕರಾವಳಿಯಾಚೆ ‘ಸೇಂಟ್ ಆಂಟನಿ’ ಎಂಬ ಮೀನುಗಾರಿಕೆ ದೋಣಿ ತನ್ನ ಪಾಡಿಗೆ ಬರುತ್ತಿತ್ತು. ಆ ದಾರಿಯಾಗಿ ಹೋಗುತ್ತಿದ್ದ ‘ಎನ್ರಿಕಾ ಲೆಕ್ಸಿ’ ಎಂಬ ಇಟಲಿಯ ತೈಲ ಹಡಗಿನಲ್ಲಿ ಕಾವಲಿಗಿದ್ದ ಆ ದೇಶದ ನೌಕಾಪಡೆಯವರು ಇವರನ್ನು ಕಡಲ್ಗಳ್ಳರೆಂದು ತಿಳಿದು ಗುಂಡು ಹಾರಿಸಿದರು. ಇಬ್ಬರು ಮೀನುಗಾರರು ಸತ್ತರು. ಆ ವ್ಯಾಜ್ಯ ದೇಶವಿದೇಶದ ನ್ಯಾಯಪೀಠಗಳಿಗೆ ಅಲೆದು, 2021ರಲ್ಲಿ ಇಟಲಿ 10 ಕೋಟಿ ರೂಪಾಯಿ ಪರಿಹಾರ ಕೊಟ್ಟ ಮೇಲೆ ನಮ್ಮ ಸುಪ್ರೀಂ ಕೋರ್ಟಿನಲ್ಲಿ ಮುಗಿಯಿತು. ಸತ್ತವರ ಮನೆಗಳಲ್ಲಿ ಅದು ಹೇಗೆ ಮುಗಿದೀತು?

ಈ ಸುದ್ದಿ ಬಂದ ರಾತ್ರಿ ಬೈತಖೋಲದ ಹೆಂಗಸರು ನಿದ್ದೆ ಮಾಡಲಿಲ್ಲ ಎಂದ ತಾಂಡೇಲ. ಅವನೂ ಆಗ ಕಡಲಿನಲ್ಲಿದ್ದ.

ಅವನಿಗೆ ಗಸ್ತಿನವರ ಮೇಲೆ ಸಿಟ್ಟೂ ಇದೆ, ಮುಚ್ಚಿಡಲಿಲ್ಲ. ಒಂದು ರಾತ್ರಿ ಬಲೆ ಎಳೆಯುತ್ತಿರುವಾಗಲೇ ಗಸ್ತು ದೋಣಿಯೊಂದು ಬಂದು ನಿಲ್ಲಿಸಿತಂತೆ. ಕಾಗದ ತೋರಿಸು, ಎಲ್ಲರ ಗುರುತಿನ ಕಾರ್ಡು ತೋರಿಸು. ಖಲಾಸಿಯೊಬ್ಬ ಕಾರ್ಡನ್ನು ಮನೆಯಲ್ಲಿ ಮರೆತಿದ್ದ. ವಿಚಾರಣೆ ಮುಗಿಯುವಷ್ಟರಲ್ಲಿ ಬಲೆ ಕಲ್ಲಿಗೆ ಸಿಕ್ಕಿ ಹರಿಯಿತು. ಎರಡು ದಿನದ ದುಡಿಮೆ ಹೋಯಿತು. “ನಮ್ಮ ಕಡಲಲ್ಲಿ ನಮ್ಮನ್ನೇ ಕಳ್ಳರ ಹಾಗೆ ನಿಲ್ಲಿಸಿದ್ರೆ ಯಾರಿಗೆ ಹೇಳೋದು ಮಾಸ್ತರ್ರೆ?”

ಅವನ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಕಾರ್ಡು ಕೇಳುವುದು ತಪ್ಪಲ್ಲ. ಕುಬೇರ್ ದೋಣಿಯನ್ನು ಯಾರಾದರೂ ನಿಲ್ಲಿಸಿ ಕೇಳಿದ್ದರೆ ಎಂದು ಇಡೀ ದೇಶ ಮರುಗಿದೆ. ಆದರೆ ಬಲೆ ನೀರಿನಲ್ಲಿರುವವನಿಗೆ ಹತ್ತು ನಿಮಿಷ ಕಾಯುವ ದಾಕ್ಷಿಣ್ಯವಾದರೂ ಬೇಕು. ಯಾಕೆಂದರೆ ಕಡಲ ಮೇಲೆ ನಿಜವಾಗಿ ಕಣ್ಣಿಟ್ಟವನು ಅವನೇ. ಕಫ್ ಪರೇಡಿನಲ್ಲೂ ಆ ಸಂಜೆ ದಡಕ್ಕಿಳಿದ ಅಪರಿಚಿತರನ್ನು ಮೊದಲು ಕಂಡದ್ದು, ಯಾರು ನೀವು ಎಂದು ಮೊದಲು ಕೇಳಿದ್ದು ಅಲ್ಲಿನ ಮೀನುಗಾರರು. ನಿಮಗ್ಯಾಕೆ ಎಂಬಂಥ ಉತ್ತರ ಬಂತು ಅವರಿಗೆ.

ಸಿಟ್ಟು ಹೇಳಿಕೊಂಡ ಮೇಲೆ ತಾಂಡೇಲ ಇನ್ನೊಂದನ್ನೂ ಹೇಳಿದ. ಹಿಂದೊಮ್ಮೆ ತೂಫಾನಿನಲ್ಲಿ ಎಂಜಿನ್ ಕೆಟ್ಟು ಅವನ ಚಿಕ್ಕಪ್ಪನ ಬೋಟು ಕತ್ತಲಲ್ಲಿ ತೇಲುತ್ತಾ ಹೋಗಿತ್ತು. ಹುಡುಕಿ, ಹಗ್ಗ ಎಸೆದು, ಏಳೂ ಜನರನ್ನು ಎತ್ತಿ ತಂದದ್ದು ಅಂಥದೇ ಒಂದು ಗಸ್ತು ದೋಣಿ. “ಅವತ್ತು ಅವ್ರು ಕಾರ್ಡು ಕೇಳ್ಲಿಲ್ಲ” ಎಂದು ನಕ್ಕ.

ಮರುದಿನ ಅವನೇ ಮೊಮ್ಮಗಳನ್ನು ಬಂದರಿಗೆ ಕರೆದೊಯ್ದು ಬೋಟು ತೋರಿಸಿದ. ಗಾಲಿಯ ಕೋಣೆಯಲ್ಲಿ, ಚುಕ್ಕಾಣಿ ಗಾಲಿ ಇರುವ ಪುಟ್ಟ ಕೋಣೆ ಅದು, ವಿಎಚ್‌ಎಫ್ ರೇಡಿಯೊ ಇತ್ತು. ಅದರ 16ನೇ ಚಾನೆಲ್ ಜಗತ್ತಿನ ಎಲ್ಲ ಹಡಗುಗಳೂ ಕಿವಿಗೊಟ್ಟಿರುವ ಚಾನೆಲ್, ಕಷ್ಟದಲ್ಲಿದ್ದವರು ಅದರಲ್ಲೇ ಕೂಗಬೇಕು. ಅದರ ಪಕ್ಕದಲ್ಲಿ ಒಂದು ಹೊಸ ಡಬ್ಬಿ. ಇಸ್ರೊ ರೂಪಿಸಿದ ಟ್ರಾನ್ಸ್‌ಪಾಂಡರ್ ಅದು. ಮೊಬೈಲಿಗೆ ಸಿಗ್ನಲ್ ಸಿಗದ ದೂರದಲ್ಲೂ ಉಪಗ್ರಹದ ಮೂಲಕ ದಡಕ್ಕೆ ಸಂದೇಶ ಕಳಿಸುತ್ತದೆ, ದಡದಿಂದ ಸಂದೇಶ ತರುತ್ತದೆ, ಬೋಟು ಎಲ್ಲಿದೆ ಎಂದು ತಿಳಿಸುತ್ತದೆ. 13 ಕರಾವಳಿ ರಾಜ್ಯ ಮತ್ತು ಕೇಂದ್ರಾಡಳಿತ ಪ್ರದೇಶಗಳ ಒಂದು ಲಕ್ಷ ದೋಣಿಗಳಿಗೆ ಇದನ್ನು ಉಚಿತವಾಗಿ ಅಳವಡಿಸುವ ಯೋಜನೆ 2024ರ ಆಗಸ್ಟ್‌ನಲ್ಲಿ ಶುರುವಾಯಿತು. ಎರಡು ಲಕ್ಷದಲ್ಲಿ ಒಂದು ಲಕ್ಷ.

“ಇದನ್ನ ಮಾಡಿದ್ದು ನಮ್ಮೂರಲ್ಲಿ!” ಎಂದು ಬೆಂಗಳೂರಿನವಳು ಕುಣಿದಳು. ಇಸ್ರೊದ ಮುಖ್ಯ ಕಚೇರಿ ಅಲ್ಲಿರುವುದು ಹೌದು, ಆದರೆ ಇಸ್ರೊದ ಕೇಂದ್ರಗಳು ಬೇರೆ ಊರುಗಳಲ್ಲೂ ಇವೆ ಎಂದು ನಾನು ಹೇಳುವಷ್ಟರಲ್ಲಿ ಅವಳ ಗಮನ ಬಾಗಿಲಿಗೆ ಅಂಟಿಸಿದ್ದ ಚೀಟಿಯ ಮೇಲೆ ಹೋಗಿತ್ತು. ಅದರಲ್ಲಿ ಎರಡು ದೂರವಾಣಿ ಸಂಖ್ಯೆ. 1093, ಕರಾವಳಿ ಕಾವಲು ಪೊಲೀಸರದು. 1554, ಕರಾವಳಿ ಕಾವಲು ಪಡೆಯದು. ಕಡಲತೀರದ ಊರಿನ ಮಕ್ಕಳು ನೋಟ್‌ಬುಕ್ಕಿನ ಹಿಂದೆ ಬರೆದಿಟ್ಟುಕೊಳ್ಳಬಹುದು.

“ಅಂಕಲ್, ಗಸ್ತಿನವರು ಮತ್ತೆ ನಿಲ್ಸಿದ್ರೆ?” ಎಂದು ಕೇಳಿದಳು ಇಳಿಯುವಾಗ.

“ನಿಲ್ತೇನೆ. ಈಗ ಎಲ್ಲರ ಕಾರ್ಡೂ ಒಂದೇ ಪ್ಲಾಸ್ಟಿಕ್ ಡಬ್ಬೀಲಿ ಹಾಕಿ ಇಲ್ಲೇ ಇಟ್ಟಿದ್ದೇನೆ ನೋಡು” ಎಂದು ಬಿಸ್ಕತ್ತಿನ ಹಳೆಯ ಡಬ್ಬಿ ತಟ್ಟಿದ. “ಇನ್ನು ಹದಿನೈದು ದಿನ ಅಷ್ಟೇ. ಜೂನ್ ಒಂದಕ್ಕೆ ಬಂದ್.” ಪಶ್ಚಿಮ ಕರಾವಳಿಯಲ್ಲಿ ಜುಲೈ 31ರವರೆಗೆ 61 ದಿನ ಯಂತ್ರದ ದೋಣಿಗಳು ಮೀನಿಗೆ ಹೋಗುವಂತಿಲ್ಲ, ಮೀನು ಮರಿ ಮಾಡುವ ಕಾಲ. ಆಗ ದಡ ತುಂಬ ಬೋಟು, ಕಡಲು ಖಾಲಿ.

ಹೊರಗೆ ಬಂದಾಗ ಅವಳು ಲೆಕ್ಕದ ಉತ್ತರ ಹೇಳಿದಳು. 12ನ್ನು 45ರಿಂದ ಭಾಗಿಸಿ 60ರಿಂದ ಗುಣಿಸಿದರೆ 16. ಹದಿನಾರು ನಿಮಿಷ. ನಿಮಗೂ ಅಷ್ಟೇ ಬಂತು ತಾನೇ?

ಮನೆಗೆ ಬಂದವಳು ನೆಟ್ಟಗೆ ಹಿತ್ತಿಲಿಗೆ ಹೋದಳು. ನಲ್ಲಿ ಪೂರ್ತಿ ತಿರುಗಿಸಿದ ಸದ್ದು ಕೇಳಿತು. ಪೈಪು ಹಾವಿನ ಹಾಗೆ ಹೊರಳಿತು, ನ್ಯೂಟನ್ ಹೇಳಿದ್ದು ನಿಜವಾಯಿತು. ಅಂಗಳದ ತುಂಬ ಅಜ್ಜಿ ಒಣಹಾಕಿದ್ದ ಮುರುಗಲು ಸಿಪ್ಪೆಯೂ ಒದ್ದೆಯಾಯಿತು. ಈ ಪ್ರಯೋಗವನ್ನು ಅವಳಿಗೆ ಹೇಳಿಕೊಟ್ಟವರು ಯಾರು ಎಂದು ಅಜ್ಜಿ ಇನ್ನೂ ವಿಚಾರಣೆ ನಡೆಸುತ್ತಿದ್ದಾಳೆ.